ಮಾದಕ ವಸ್ತು ಕಾನೂನಿನ ಅರಿವು ಕಾರ್ಯಕ್ರಮವನ್ನು ಫಲ ಕೊಡುವಂತೆ ನಡೆಸುವುದು ಹೇಗೆ

ಪ್ರತಿ ವರ್ಷ ಜೂನ್ 26 ಹತ್ತಿರ ಬಂದಂತೆ ನಮ್ಮ ಕಾಲೇಜುಗಳಲ್ಲಿ ಮಾದಕ ವಸ್ತು ವಿರೋಧಿ ದಿನದ ಸಿದ್ಧತೆ ಶುರುವಾಗುತ್ತದೆ. ದೀಪ ಬೆಳಗುತ್ತಾರೆ, ಪ್ರತಿಜ್ಞೆ ಬೋಧಿಸುತ್ತಾರೆ, ಅತಿಥಿಗಳು ಒಬ್ಬರಾದ ಮೇಲೆ ಒಬ್ಬರು ಮಾತನಾಡುತ್ತಾರೆ. ಸಭೆ ಮುಗಿದು ಹೊರಬರುವ ಹುಡುಗನನ್ನು ನಿಲ್ಲಿಸಿ, ಕಾನೂನು ಏನು ಹೇಳುತ್ತದೆ ಎಂದು ಕೇಳಿದರೆ, ‘ಡ್ರಗ್ಸ್ ತಪ್ಪು, ಜೈಲಿಗೆ ಹಾಕ್ತಾರೆ’ ಎನ್ನುತ್ತಾನೆ. ಇಷ್ಟು ಅವನಿಗೆ ಸಭೆಗೆ ಬರುವ ಮೊದಲೇ ಗೊತ್ತಿತ್ತು. ಎರಡು ಗಂಟೆ ಕುಳಿತು ಅವನು ಹೊಸದಾಗಿ ಪಡೆದದ್ದು ಏನೂ ಇಲ್ಲವೆಂದರೆ, ಅದು ಅವನ ತಪ್ಪಲ್ಲ, ಕಾರ್ಯಕ್ರಮ ರೂಪಿಸಿದ ನಮ್ಮ ತಪ್ಪು.

ವಕೀಲನಾಗಿ ತಾಲ್ಲೂಕು ಮಟ್ಟದ ಕಾನೂನು ಅರಿವು ಕಾರ್ಯಕ್ರಮಗಳಿಗೆ ಹೋಗಿಬಂದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ಎನ್‌ಎಸ್‌ಎಸ್ ಅಧಿಕಾರಿಗಳು, ಹಾಸ್ಟೆಲ್ ವಾರ್ಡನ್‌ಗಳು, ಗ್ರಾಮ ಪಂಚಾಯಿತಿ ಸದಸ್ಯರು, ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್‌ಗೆ ಹೊಸದಾಗಿ ಸೇರಿದ ಕಿರಿಯ ವಕೀಲರು ಇದನ್ನು ತಮ್ಮ ಊರಿಗೆ ಒಗ್ಗುವಂತೆ ಬಳಸಿಕೊಳ್ಳಬಹುದು.

ಭಯ ಒಂದೇ ಸಾಲದು

ನಮ್ಮ ಕಾನೂನು ಸೌಮ್ಯವಾದದ್ದಲ್ಲ. ಎನ್‌ಡಿಪಿಎಸ್ ಕಾಯ್ದೆ ಎಂದು ಎಲ್ಲರೂ ಕರೆಯುವ ಮಾದಕ ದ್ರವ್ಯ ಮತ್ತು ಮನೋಪರಿಣಾಮಕಾರಿ ವಸ್ತುಗಳ ಕಾಯ್ದೆ 1985ರ ನವೆಂಬರ್ 14ರಂದು ಜಾರಿಗೆ ಬಂತು. 1989ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಸಿಕ್ಕಿದ ಪ್ರಮಾಣಕ್ಕೆ ತಕ್ಕಂತೆ ಶಿಕ್ಷೆ ಎಂಬ ಶ್ರೇಣಿ ಬಂದದ್ದು 2001ರ ತಿದ್ದುಪಡಿಯಿಂದ. ಇಷ್ಟು ಕಠಿಣ ಕಾನೂನು ದಶಕಗಳಿಂದ ಇದ್ದರೂ, ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸುಮಾರು 3.1 ಕೋಟಿ ಜನ ಅದರ ಹಿಂದಿನ ಒಂದು ವರ್ಷದಲ್ಲಿ ಗಾಂಜಾ, ಭಂಗಿ, ಚರಸ್‌ಗಳಲ್ಲಿ ಯಾವುದಾದರೊಂದನ್ನು ಬಳಸಿದ್ದರು. ಶಿಕ್ಷೆಯ ಪ್ರಮಾಣ ಹೆಚ್ಚಿದಷ್ಟೂ ಜನ ತಾವಾಗಿಯೇ ಹಿಂಜರಿಯುತ್ತಾರೆ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಅಪರಾಧಶಾಸ್ತ್ರದ ಅಧ್ಯಯನಗಳು ಬಹುಕಾಲದಿಂದ ಹೇಳುತ್ತ ಬಂದಿರುವುದೂ ಇದನ್ನೇ: ಮನುಷ್ಯನನ್ನು ತಡೆಯುವುದು ಶಿಕ್ಷೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಹೆಚ್ಚಾಗಿ, ನಾನು ಸಿಕ್ಕಿಬೀಳುತ್ತೇನೆ ಎನ್ನುವ ಖಾತ್ರಿ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1983ರಲ್ಲಿ ಆರಂಭವಾದ ‘ಡೇರ್’ ಎಂಬ ಕಾರ್ಯಕ್ರಮದಲ್ಲಿ ಸಮವಸ್ತ್ರ ಧರಿಸಿದ ಪೊಲೀಸರು ಶಾಲೆಗಳಿಗೆ ಹೋಗಿ ಪಾಠ ಮಾಡುತ್ತಿದ್ದರು. ಅದರ ಮೊದಲಿನ ಪಠ್ಯಕ್ರಮವನ್ನು ಅಳೆದು ನೋಡಿದ ಅಧ್ಯಯನಗಳಿಗೆ ಮಕ್ಕಳ ಮಾದಕ ವಸ್ತು ಬಳಕೆಯ ಮೇಲೆ ಹೇಳಿಕೊಳ್ಳುವಂಥ ಪರಿಣಾಮವೇ ಕಾಣಲಿಲ್ಲ. ಅಧಿಕಾರಿಯೊಬ್ಬರು ಬಂದು ಎಚ್ಚರಿಸಿ ಹೋಗುವ ಮಾದರಿಯನ್ನೇ ನಂಬಿ ಕೂತವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಹಾಗಾದರೆ ನಮ್ಮ ಕೆಲಸವೇನು? ಎಲ್ಲೋ ಯಾರಿಗೋ ಅನ್ವಯಿಸುತ್ತದೆ ಎಂದು ಕೇಳುಗ ಭಾವಿಸಿರುವ ಕಾನೂನನ್ನು ಅವನ ಕೋಣೆ, ಅವನ ಬ್ಯಾಗು, ಅವನ ಮೊಬೈಲು, ಅವನ ಅಪ್ಪನ ಹೊಲದವರೆಗೆ ತಂದು ನಿಲ್ಲಿಸಬೇಕು. ಈಗಾಗಲೇ ಒಳಗೆ ಸಿಲುಕಿದವನಿಗೆ ಹೊರಬರಲು ಅದೇ ಕಾನೂನಿನಲ್ಲಿ ಇರುವ ಬಾಗಿಲನ್ನೂ ತೋರಿಸಬೇಕು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೆ ಕಾರ್ಯಕ್ರಮ ಅರ್ಧಕ್ಕೇ ನಿಂತಂತೆ.

ಆರಂಭ ಪ್ರಶ್ನೆಗಳಿಂದ ಆಗಲಿ

ಭಾಷಣಕ್ಕೆ ಮೊದಲು ಹತ್ತು ನಿಮಿಷ ತೆಗೆದಿಟ್ಟು, ಹೆಸರು ಬರೆಯುವ ಜಾಗವೇ ಇಲ್ಲದ ಒಂದು ಹಾಳೆ ಹಂಚಿ. ಐದು ಪ್ರಶ್ನೆ ಸಾಕು. ಗಾಂಜಾ ಮಾರದೆ ಕೇವಲ ಸೇದಿದರೆ ಅದು ಅಪರಾಧವೇ? ಗೆಳೆಯ ಕೊಟ್ಟ ಪೊಟ್ಟಣ ನನ್ನ ಬ್ಯಾಗಿನಲ್ಲಿ ಸಿಕ್ಕರೆ ಕೇಸು ಯಾರ ಮೇಲೆ? ನನ್ನ ಕೋಣೆಯಲ್ಲಿ ಇತರರು ಸೇದಲು ನಾನು ಬಿಟ್ಟರೆ ನನಗೇನಾಗುತ್ತದೆ? ವ್ಯಸನಿಯೊಬ್ಬ ತಾನಾಗಿ ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿಯುತ್ತಾರೆಯೇ? ಮಾಹಿತಿ ಕೊಟ್ಟವನ ಹೆಸರು ಹೊರಗೆ ಬರುತ್ತದೆಯೇ? ಉತ್ತರಗಳನ್ನು ಅಲ್ಲಿಯೇ ಒಮ್ಮೆ ಕಣ್ಣಾಡಿಸಿದರೆ, ಈ ಸಭೆಯಲ್ಲಿ ಯಾವ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕು ಎನ್ನುವುದು ತಿಳಿಯುತ್ತದೆ. ನಾನು ಹೋದ ಕಡೆಗಳಲ್ಲೆಲ್ಲ ಹೆಚ್ಚು ತಪ್ಪು ಉತ್ತರ ಬಂದಿರುವುದು ನಾಲ್ಕನೆಯ ಪ್ರಶ್ನೆಗೆ.

ತಕ್ಕಡಿಯೊಂದನ್ನು ಜೊತೆಗೆ ಒಯ್ಯಿರಿ

ಕಲಂಗಳ ಸಂಖ್ಯೆಯನ್ನು ಓದುತ್ತ ಹೋದರೆ ಹಿಂದಿನ ಬೆಂಚುಗಳು ಮೊದಲು ಕೈಬಿಟ್ಟು ಹೋಗುತ್ತವೆ. ಅದರ ಬದಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಮತ್ತು ಸ್ವಲ್ಪ ಸಕ್ಕರೆ ತೆಗೆದುಕೊಂಡು ಹೋಗಿ. ಒಬ್ಬ ವಿದ್ಯಾರ್ಥಿಯನ್ನು ಮುಂದೆ ಕರೆದು, ಕಾಗದದ ಮೇಲೆ ಹತ್ತು ಗ್ರಾಂ ತೂಗಲು ಹೇಳಿ. ಎರಡು ಟೀ ಚಮಚ, ಹೆಚ್ಚೆಂದರೆ ಮೇಲೊಂದು ಚಿಟಿಕೆ ಸಕ್ಕರೆಗೆ ತಕ್ಕಡಿ ಹತ್ತು ತೋರಿಸುತ್ತದೆ. ಆಗ ಹೇಳಿ: ಎಂಡಿಎಂಎ ಎಂಬ ಕೃತಕ ಮಾದಕ ಇದಕ್ಕಿಂತ ಚೂರು ಹೆಚ್ಚಿದ್ದರೂ ಕಾನೂನಿನ ಕಣ್ಣಿಗೆ ಅದು ವಾಣಿಜ್ಯ ಪ್ರಮಾಣ, ಅಪರಾಧ ಸಾಬೀತಾದರೆ 10 ವರ್ಷಕ್ಕಿಂತ ಕಡಿಮೆ ಶಿಕ್ಷೆ ಕೊಡಲು ನ್ಯಾಯಾಧೀಶರಿಗೂ ಅವಕಾಶವಿಲ್ಲ, 20 ವರ್ಷದವರೆಗೂ ಹೋಗಬಹುದು, ದಂಡ ಒಂದು ಲಕ್ಷದಿಂದ ಎರಡು ಲಕ್ಷ ರೂಪಾಯಿ. ಕಾಗದದ ಮೇಲಿನ ಆ ಪುಟ್ಟ ಗುಡ್ಡೆಯನ್ನು ನೋಡುತ್ತ ಇಡೀ ಸಭಾಂಗಣ ಮೌನವಾಗುವುದನ್ನು ನಾನು ಕಂಡಿದ್ದೇನೆ.

ಆ ಮೌನದಲ್ಲೇ ಉಳಿದ ಲೆಕ್ಕವನ್ನೂ ತಿಳಿಸಬೇಕು. ಎಂಡಿಎಂಎಗೆ ಅಲ್ಪ ಪ್ರಮಾಣವೆಂದರೆ ಅರ್ಧ ಗ್ರಾಂ. ಹೆರಾಯಿನ್‌ಗೆ ಅಲ್ಪ ಪ್ರಮಾಣ 5 ಗ್ರಾಂ, ವಾಣಿಜ್ಯ ಪ್ರಮಾಣ 250 ಗ್ರಾಂ. ಕೊಕೇನ್‌ಗೆ 2 ಮತ್ತು 100 ಗ್ರಾಂ. ಗಾಂಜಾಕ್ಕೆ 1 ಮತ್ತು 20 ಕೆ.ಜಿ. ಅಲ್ಪ ಪ್ರಮಾಣಕ್ಕೆ ಒಂದು ವರ್ಷದವರೆಗೆ ಕಠಿಣ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅಲ್ಪಕ್ಕಿಂತ ಹೆಚ್ಚು, ವಾಣಿಜ್ಯಕ್ಕಿಂತ ಕಡಿಮೆ ಇದ್ದರೆ 10 ವರ್ಷದವರೆಗೆ ಕಠಿಣ ಸಜೆ, ಜೊತೆಗೆ ಒಂದು ಲಕ್ಷದವರೆಗೆ ದಂಡ. ಬೇರೆ ಪುಡಿ ಬೆರೆಸಿದ್ದರೆ ಅಸಲಿ ಮಾದಕದ ತೂಕವನ್ನಷ್ಟೇ ಲೆಕ್ಕ ಹಾಕುತ್ತಾರೆ ಎಂಬ ಮಾತು ಹುಡುಗರ ನಡುವೆ ಓಡಾಡುತ್ತಿರುತ್ತದೆ; ಮಿಶ್ರಣದ ಪೂರ್ತಿ ತೂಕವೇ ಲೆಕ್ಕಕ್ಕೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಒಂದು ಕೆ.ಜಿ.ಯೊಳಗೆ ಇದ್ದರೆ ಏನೂ ಆಗುವುದಿಲ್ಲ ಎಂದು ಯಾರಾದರೂ ಅರ್ಥ ಮಾಡಿಕೊಂಡು ಹೋಗುವ ಅಪಾಯವಿದೆ. ಅಲ್ಪ ಪ್ರಮಾಣವೂ ಅಪರಾಧವೇ, ಸೇವನೆಯೂ ಪ್ರತ್ಯೇಕ ಅಪರಾಧವೇ ಎನ್ನುವುದನ್ನು ಎರಡು ಸಲ ಹೇಳಿ. ಕಲಂ 27ರ ಪ್ರಕಾರ ಕೊಕೇನ್, ಮಾರ್ಫಿನ್, ಹೆರಾಯಿನ್ ಸೇವನೆಗೆ ಒಂದು ವರ್ಷದವರೆಗೆ, ಗಾಂಜಾದಂಥವುಗಳ ಸೇವನೆಗೆ ಆರು ತಿಂಗಳವರೆಗೆ ಸಜೆ ಇದೆ. ಎರಡರಲ್ಲೂ ದಂಡವನ್ನಷ್ಟೇ ವಿಧಿಸುವ ಅವಕಾಶವೂ ನ್ಯಾಯಾಲಯಕ್ಕಿದೆ. ಯಾವ ವಸ್ತು ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು, ಹೇಗೆ ಬಳಸುತ್ತಾರೆ ಎಂಬ ವಿವರ ಮಾತ್ರ ಯಾರ ಬಾಯಿಂದಲೂ ಬಾರದಂತೆ ನೋಡಿಕೊಳ್ಳಿ. ಅತಿಥಿಗಳಿಗೂ ಇದನ್ನು ಮೊದಲೇ ತಿಳಿಸಿಡಿ.

ಉತ್ಪ್ರೇಕ್ಷೆಯನ್ನೂ ದೂರವಿಡಬೇಕು. ಗಾಂಜಾ ಸೇದಿದರೆ ಗಲ್ಲು ಎಂದು ವೇದಿಕೆಯ ಮೇಲಿಂದ ಒಬ್ಬರು ಹೇಳಿದ್ದನ್ನು ಕೇಳಿದ್ದೇನೆ. ಮರಣದಂಡನೆ ಇರುವುದು ಕಲಂ 31ಎ ಅಡಿಯಲ್ಲಿ, ಅದೂ ದೊಡ್ಡ ಪ್ರಮಾಣದ ಗಂಭೀರ ಅಪರಾಧಗಳಲ್ಲಿ ಒಮ್ಮೆ ಶಿಕ್ಷೆಯಾದವನು ಮತ್ತೆ ಅದೇ ಬಗೆಯ ಅಪರಾಧ ಮಾಡಿದಾಗ. 2014ರ ತಿದ್ದುಪಡಿಯ ನಂತರ ಅದು ಕಡ್ಡಾಯವೂ ಅಲ್ಲ, ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಮೊಬೈಲಿನಲ್ಲಿ ಎರಡು ನಿಮಿಷ ಹುಡುಕಿದರೆ ಸುಳ್ಳು ಬಯಲಾಗುವ ಕಾಲವಿದು. ಒಂದು ಸುಳ್ಳು ಸಿಕ್ಕಿಬಿದ್ದರೆ ನೀವು ಹೇಳಿದ ಹತ್ತು ನಿಜಗಳನ್ನೂ ಹುಡುಗರು ನಂಬುವುದಿಲ್ಲ.

‘ನಾನೇನೂ ಮಾಡಿಲ್ಲ’ ಎನ್ನುವವರಿಗೆ

ಮಾರುವವನಿಗೂ ಸೇದುವವನಿಗೂ ತಾವು ಮಾಡುತ್ತಿರುವುದು ಏನೆಂದು ಗೊತ್ತಿರುತ್ತದೆ. ಕಾನೂನಿನ ಅರಿವು ಹೆಚ್ಚು ಕೆಲಸ ಮಾಡಬಲ್ಲದ್ದು ಅಂಚಿನಲ್ಲಿ ನಿಂತವರ ಮೇಲೆ. ಆದ್ದರಿಂದ ಸಭೆಯ ಹೆಚ್ಚಿನ ಸಮಯವನ್ನು ಅವರಿಗೆ ಕೊಡಬೇಕು ಎನ್ನುವುದು ನನ್ನ ಅಭಿಪ್ರಾಯ. ಮನೆ, ಕೋಣೆ, ವಾಹನ ಯಾವುದೇ ಇರಲಿ, ತನ್ನ ವಶದಲ್ಲಿರುವ ಜಾಗವನ್ನು ಗೊತ್ತಿದ್ದೂ ಇಂಥ ಅಪರಾಧಕ್ಕೆ ಬಳಸಲು ಬಿಟ್ಟವನಿಗೆ, ಆ ಅಪರಾಧಕ್ಕೆ ಇರುವ ಶಿಕ್ಷೆಯೇ ಆಗಬಹುದು ಎನ್ನುತ್ತದೆ ಕಲಂ 25. ಬಾಡಿಗೆ ಕೋಣೆಯಲ್ಲಿ ಮೂವರು ಇದ್ದು, ಒಬ್ಬ ಬೇರೆಯವರನ್ನು ಕರೆತಂದು ವಹಿವಾಟು ನಡೆಸುತ್ತಿರುವುದು ಗೊತ್ತಿದ್ದರೂ ಉಳಿದಿಬ್ಬರು ಕಣ್ಣುಮುಚ್ಚಿ ಕೂತರೆ, ಅವರು ನೆಮ್ಮದಿಯಾಗಿ ಇರುವಂತಿಲ್ಲ. ಪಿಜಿ ನಡೆಸುವವರಿಗೂ ಕಾರು ಬಾಡಿಗೆಗೆ ಕೊಡುವವರಿಗೂ ಇದೇ ಮಾತು. ಕಲಂ 29ರಲ್ಲಿ ಒಳಸಂಚು ಮತ್ತು ಕುಮ್ಮಕ್ಕಿಗೂ ಮೂಲ ಅಪರಾಧದಷ್ಟೇ ಶಿಕ್ಷೆ. ಪಾರ್ಟಿಗೆಂದು ಎಲ್ಲರಿಂದ ದುಡ್ಡು ಒಟ್ಟುಮಾಡಿ ಮಾರುವವನಿಗೆ ಆನ್‌ಲೈನಿನಲ್ಲಿ ಕಳುಹಿಸಿಕೊಟ್ಟ ಹುಡುಗ, ತಾನು ಪೊಟ್ಟಣ ಮುಟ್ಟಿಯೇ ಇಲ್ಲ ಎಂದು ತಪ್ಪಿಸಿಕೊಳ್ಳುವುದು ಕಷ್ಟ, ಏಕೆಂದರೆ ಆ ಹಣ ಹೋದ ದಾಖಲೆ ಅವನ ಖಾತೆಯಲ್ಲೇ ಇರುತ್ತದೆ.

ಬ್ಯಾಗಿನ ವಿಚಾರ ಇನ್ನೂ ಗಂಭೀರ. ಸಾಮಾನ್ಯ ಅಪರಾಧಗಳಲ್ಲಿ ತಪ್ಪನ್ನು ಸಾಬೀತುಪಡಿಸುವ ಹೊರೆ ಸರ್ಕಾರದ್ದು. ಈ ಕಾಯ್ದೆಯಲ್ಲಿ ವಸ್ತು ನಿಮ್ಮ ವಶದಲ್ಲಿ ಇತ್ತೆಂದು ಸರ್ಕಾರ ತೋರಿಸಿದ ಮೇಲೆ, ಅದು ಅಲ್ಲಿಗೆ ಹೇಗೆ ಬಂತು, ನಿಮಗೆ ಅದರ ಅರಿವು ಇರಲಿಲ್ಲ ಎನ್ನುವುದನ್ನು ಒಪ್ಪಿಸುವ ಹೊರೆ 35 ಮತ್ತು 54ನೇ ಕಲಂಗಳಿಂದಾಗಿ ನಿಮ್ಮ ಮೇಲೆ ಬೀಳುತ್ತದೆ. ‘ಊರಿಗೆ ಹೋಗ್ತಿದ್ದೀಯಲ್ಲ, ಇದೊಂದು ಕೊಟ್ಟುಬಿಡು’ ಎಂದು ಯಾರೋ ಕೈಗಿಡುವ ಪಾರ್ಸೆಲ್ಲನ್ನು ತೆರೆದು ನೋಡದೆ ಒಯ್ಯಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಕರಾವಳಿಯಿಂದ ಗಲ್ಫ್ ದೇಶಗಳಿಗೆ, ಬೆಂಗಳೂರಿನಿಂದ ಸಿಂಗಪುರಕ್ಕೆ ದುಡಿಯಲು ಹೋಗುವವರಿರುವ ಊರುಗಳಲ್ಲಿ ಈ ಮಾತನ್ನು ಮನೆಯವರಿಗೂ ಹೇಳಿ. ಸಿಂಗಪುರದಲ್ಲಿ 500 ಗ್ರಾಂಗಿಂತ ಹೆಚ್ಚು ಗಾಂಜಾ ಸಾಗಿಸಿದರೆ ಮರಣದಂಡನೆ ಇದೆ. ನಮ್ಮಲ್ಲಿ ವೈದ್ಯರ ಚೀಟಿಗೆ ಸಿಗುವ ಕೆಲವು ನೋವಿನ ಮಾತ್ರೆಗಳಿಗೂ ಗಲ್ಫ್ ದೇಶಗಳಲ್ಲಿ ಮುಂಚಿತವಾಗಿ ಅನುಮತಿ ಬೇಕಾಗುತ್ತದೆ.

ಹಳ್ಳಿಯ ಸಭೆಯಲ್ಲಿ ಮಾತಿನ ಕೇಂದ್ರ ಹೊಲಕ್ಕೆ ಹೋಗಬೇಕು. ಮೆಕ್ಕೆಜೋಳದ ನಡುವೆ, ಹತ್ತಿಯ ಸಾಲಿನಲ್ಲಿ ಗಾಂಜಾ ಗಿಡ ಸಿಕ್ಕ ಸುದ್ದಿಯನ್ನು ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಓದುತ್ತಲೇ ಇರುತ್ತೇವೆ. ಗಿಡ ಬೆಳೆಸುವುದಕ್ಕೆ ಅಲ್ಪ, ವಾಣಿಜ್ಯ ಎಂಬ ಶ್ರೇಣಿಯೇ ಇಲ್ಲ. 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಹೊಲವನ್ನು ಕೋರಿಗೆ ಕೊಟ್ಟು ಪಟ್ಟಣದಲ್ಲಿ ಇರುವ ಮಾಲೀಕರೂ ತಿಳಿಯಬೇಕಾದ ಮಾತೊಂದಿದೆ: ತನ್ನ ಜಮೀನಿನಲ್ಲಿ ಅಕ್ರಮವಾಗಿ ಗಾಂಜಾ ಬೆಳೆದಿರುವುದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಇರುವುದು ಕಲಂ 46ರ ಅಡಿ ಶಿಕ್ಷಾರ್ಹ. ಪಂಚಾಯಿತಿಯವರಿಗೂ ಗ್ರಾಮದ ಅಧಿಕಾರಿಗಳಿಗೂ ಕಲಂ 47 ಇದೇ ಕರ್ತವ್ಯವನ್ನು ಹೊರಿಸಿದೆ. ಕೆಲವು ಊರುಗಳಲ್ಲಿ ಜಾತ್ರೆ, ಮಠ, ಸಾಧುಗಳ ಸಂಪ್ರದಾಯದ ಪ್ರಶ್ನೆ ಏಳುತ್ತದೆ. ಯಾರ ಶ್ರದ್ಧೆಯನ್ನೂ ನೋಯಿಸದೆ, ಗಾಂಜಾಕ್ಕೆ ಧಾರ್ಮಿಕ ಬಳಕೆಯ ವಿನಾಯಿತಿಯನ್ನು ಈ ಕಾಯ್ದೆ ಕೊಟ್ಟಿಲ್ಲ ಎಂದು ನೇರವಾಗಿ, ಗೌರವದಿಂದ ಹೇಳಿದರೆ ಹಿರಿಯರು ಕೇಳುತ್ತಾರೆ.

ಮಾಹಿತಿ ಕೊಡಲು ಜನ ಹೆದರುವುದು ಹೆಸರು ಹೊರಬರುತ್ತದೆ ಎಂದು. ಮಾಹಿತಿ ಎಲ್ಲಿಂದ ಬಂತು ಎಂದು ಹೇಳುವಂತೆ ಅಧಿಕಾರಿಯನ್ನು ಯಾರೂ ಒತ್ತಾಯಿಸುವಂತಿಲ್ಲ ಎಂದು ಕಲಂ 68 ಹೇಳುತ್ತದೆ. ಕೇಂದ್ರದ ಮಾದಕ ವಸ್ತು ನಿಯಂತ್ರಣ ಸಂಸ್ಥೆಯ ಸಹಾಯವಾಣಿ 1933. ಜಿಲ್ಲಾ ಮಟ್ಟದಲ್ಲಿ ಸಿಇಎನ್, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ ಪೊಲೀಸ್ ಠಾಣೆ. ಸಿಕ್ಕಿಬೀಳುವ ಖಾತ್ರಿ ಹೆಚ್ಚುವುದು ಊರಿನ ಜನ ಹೀಗೆ ಬಾಯಿ ತೆರೆದಾಗಲೇ.

ಬಂಧನದ ದಿನವನ್ನು ವಿವರಿಸಿ

ಇಪ್ಪತ್ತು ವರ್ಷದ ಶಿಕ್ಷೆ ಎಂದರೆ ಹದಿನೆಂಟರ ಹುಡುಗನಿಗೆ ಅದು ಕೇವಲ ಒಂದು ಸಂಖ್ಯೆ. ನಾಳೆ ಬೆಳಿಗ್ಗೆ ಏನಾಗುತ್ತದೆ ಎನ್ನುವುದು ಅವನಿಗೆ ತಟ್ಟುತ್ತದೆ. ಆದ್ದರಿಂದ ಕ್ರಮವಾಗಿ ಹೇಳುತ್ತ ಹೋಗಿ: ಪಂಚರ ಮುಂದೆ ಮಹಜರು, ಮೊಬೈಲ್ ಜಪ್ತಿ, ಅದರಲ್ಲಿರುವ ಸಂದೇಶಗಳ ಪರಿಶೀಲನೆ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು, ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ನಂತರ ಜಾಮೀನಿನ ಅರ್ಜಿ. ವಾಣಿಜ್ಯ ಪ್ರಮಾಣದ ಪ್ರಕರಣದಲ್ಲಿ, ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಆಧಾರವಿದೆ, ಬಿಟ್ಟರೆ ಮತ್ತೆ ಅಪರಾಧ ಮಾಡುವುದಿಲ್ಲ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗದ ಹೊರತು ಕಲಂ 37 ಜಾಮೀನಿಗೆ ಅಡ್ಡ ನಿಲ್ಲುತ್ತದೆ. ದೋಷಾರೋಪ ಪಟ್ಟಿ ಸಲ್ಲಿಸಲು ಇಂಥ ಪ್ರಕರಣಗಳಲ್ಲಿ 180 ದಿನಗಳ ಗಡುವಿದೆ; ಅಂದರೆ ಒಂದು ಇಡೀ ಸೆಮಿಸ್ಟರ್ ಒಳಗೇ ಕಳೆದುಹೋಗಬಹುದು. ಜಾಮೀನು ಸಿಕ್ಕ ಮೇಲೂ ವಾಯಿದೆಯಿಂದ ವಾಯಿದೆಗೆ ಓಡಾಟ, ಪಾಸ್‌ಪೋರ್ಟಿನ ಪೊಲೀಸ್ ಪರಿಶೀಲನೆಯಲ್ಲಿ ಬಾಕಿ ಪ್ರಕರಣ, ಸರ್ಕಾರಿ ನೌಕರಿಯ ಅರ್ಜಿಯಲ್ಲಿ ಅದನ್ನು ನಮೂದಿಸಬೇಕಾದ ಸ್ಥಿತಿ. ಬೆಳಗಿನ ಮೊದಲ ಬಸ್ಸಿಗೆ ಹಳ್ಳಿಯಿಂದ ಬಂದು, ಟವೆಲಿನಲ್ಲಿ ಸುತ್ತಿದ ಬುತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಗನ ಹೆಸರು ಕೂಗುವುದನ್ನೇ ಕಾಯುತ್ತ ಕೋರ್ಟಿನ ಕಾರಿಡಾರಿನ ಬೆಂಚಿನ ಮೇಲೆ ಕುಳಿತಿರುವ ತಂದೆಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಕ್ಕಳಿಗೆ ಅದನ್ನೂ ಹೇಳುತ್ತೇನೆ.

ಪಿಯು ವಿದ್ಯಾರ್ಥಿಗಳು ಬಹುಪಾಲು ಹದಿನೆಂಟು ತುಂಬದವರು. ಅವರ ಪ್ರಕರಣ ಮೊದಲು ಹೋಗುವುದು ಬಾಲನ್ಯಾಯ ಮಂಡಳಿಗೆ. ಆದರೆ ಹದಿನಾರು ದಾಟಿದವರು ವಾಣಿಜ್ಯ ಪ್ರಮಾಣದಂಥ ಘೋರ ಅಪರಾಧದಲ್ಲಿ ಸಿಲುಕಿದರೆ, ಪ್ರಾಥಮಿಕ ಮೌಲ್ಯಮಾಪನದ ನಂತರ ವಯಸ್ಕರಂತೆ ವಿಚಾರಣೆ ಎದುರಿಸುವ ಸಾಧ್ಯತೆಯೂ ಉಂಟು. ಮಗುವಿಗೆ ಮಾದಕ ವಸ್ತು ಕೊಡುವವನಿಗೂ, ಸಾಗಿಸಲು ಮಗುವನ್ನು ಬಳಸುವವನಿಗೂ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಕಠಿಣ ಸಜೆ ಇದೆ.

ಹಕ್ಕುಗಳನ್ನು ಹೇಳಿದರೆ ಹೆದರಿಕೆ ಕಡಿಮೆಯಾಗುತ್ತದೆ ಎಂದು ಕೆಲವು ಸಂಘಟಕರು ಅಳುಕುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನ್ಯಾಯಯುತವೆಂದು ಕಂಡ ಕಾನೂನನ್ನೇ ಜನ ಪಾಲಿಸುವುದು. ಮೈ ತಪಾಸಣೆಗೆ ಮೊದಲು ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿ ಅದು ನಡೆಯಲಿ ಎಂದು ಕೋರುವ ಹಕ್ಕು ಕಲಂ 50ರಲ್ಲಿದೆ, ಅದನ್ನು ತಿಳಿಸುವುದು ಅಧಿಕಾರಿಯ ಹೊಣೆ. ಆದರೆ ಬ್ಯಾಗಿನ ತಪಾಸಣೆಗೆ ಇದು ಅನ್ವಯಿಸುವುದಿಲ್ಲ. ಮಹಿಳೆಯ ತಪಾಸಣೆಯನ್ನು ಮಹಿಳೆಯೇ ಮಾಡಬೇಕು. ಬಂಧನದಲ್ಲಿ ಇರುವ ಯಾರಿಗೇ ಆಗಲಿ ಉಚಿತ ವಕೀಲರ ನೆರವು ಸಿಗುತ್ತದೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ಹೊರಬರುವ ಬಾಗಿಲು

ಪ್ರಶ್ನೆಗಳನ್ನು ಬಾಯಲ್ಲಿ ಕೇಳಲು ಹೇಳಿದರೆ ಯಾರೂ ಕೇಳುವುದಿಲ್ಲ. ಚೀಟಿ ಹಾಕಲು ಒಂದು ಡಬ್ಬಿ ಇಡಿ. ಒಂದು ಪಿಯು ಕಾಲೇಜಿನಲ್ಲಿ ನನ್ನ ಕೈಗೆ ಬಂದ ಚೀಟಿ ಎಂಟು ಮಡಿಕೆಯಾಗಿತ್ತು. ನೋಟ್‌ಬುಕ್ಕಿನ ಅಂಚನ್ನು ಹರಿದು, ಪೆನ್ಸಿಲಿನಲ್ಲಿ ಬರೆದದ್ದು: ‘ನಮ್ಮಣ್ಣ ಬಿಡಬೇಕು ಅಂತಾನೆ, ಆಗ್ತಿಲ್ಲ. ಆಸ್ಪತ್ರೆಗೆ ಕರಕೊಂಡು ಹೋದ್ರೆ ಪೊಲೀಸ್ನೋರು ಹಿಡೀತಾರಾ ಸರ್?’ ಆ ಮನೆಯಲ್ಲಿ ಕಾನೂನಿನ ಭಯ ಇತ್ತು. ಆದರೆ ಆ ಭಯ ಅಣ್ಣನನ್ನು ಮಾದಕದಿಂದ ದೂರವಿಡಲಿಲ್ಲ, ಆಸ್ಪತ್ರೆಯಿಂದ ದೂರ ಇಟ್ಟಿತ್ತು.

ಆ ಚೀಟಿಗೆ ಉತ್ತರ ಕಲಂ 64ಎ ಯಲ್ಲಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯೂ, ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೇ ಅವು ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ, ಆ ಅಪರಾಧಕ್ಕಾಗಿ ಅವನನ್ನು ವಿಚಾರಣೆಗೆ ಗುರಿಪಡಿಸುವಂತಿಲ್ಲ. ಷರತ್ತು ಒಂದೇ: ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ನಡುವೆ ಬಿಟ್ಟರೆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. ಮಾರಾಟಗಾರನಿಗೆ, ಹೆಚ್ಚಿನ ಪ್ರಮಾಣದೊಂದಿಗೆ ಸಿಕ್ಕವನಿಗೆ ಇದು ಗುರಾಣಿಯಲ್ಲ. ಶಿಕ್ಷೆ ಪ್ರಕಟವಾಗುವ ಹಂತ ತಲುಪಿದವನಿಗೂ ಕಲಂ 39ರಲ್ಲಿ ಒಂದು ದಾರಿಯಿದೆ. ಅಪರಾಧ ಅಲ್ಪ ಪ್ರಮಾಣದ್ದಾಗಿದ್ದರೆ, ವ್ಯಸನಿಯನ್ನು ಜೈಲಿನ ಬದಲು ಚಿಕಿತ್ಸೆಗೆ ಕಳುಹಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಇವೆರಡನ್ನೂ ಪೊಲೀಸ್ ಅಧಿಕಾರಿಯ ಬಾಯಿಂದಲೇ ಹೇಳಿಸಿ. ಅದೇ ಮಾತನ್ನು ವಕೀಲ ಹೇಳುವುದಕ್ಕೂ ಸಮವಸ್ತ್ರದಲ್ಲಿ ಇರುವವರು ಹೇಳುವುದಕ್ಕೂ ಕೇಳುವವರ ಮನಸ್ಸಿನಲ್ಲಿ ಬಹಳ ಅಂತರವಿದೆ.

ನಂತರ ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆಯಿರಿ: ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದ ಹೊರರೋಗಿ ದಿನ ಮತ್ತು ಸಮಯ. ಬೆಂಗಳೂರಿನ ಹತ್ತಿರದವರಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವೂ ಇದೆ. ಜಿಲ್ಲಾ ಆಸ್ಪತ್ರೆಯ ವಿವರವನ್ನು ಹಿಂದಿನ ದಿನವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಧೈರ್ಯ ತಂದುಕೊಂಡು ಹೋದವನು ಬಾಗಿಲು ಮುಚ್ಚಿದ್ದನ್ನು ನೋಡಿ ಮರಳಿದರೆ ಇನ್ನೊಮ್ಮೆ ಹೋಗುವುದು ಅನುಮಾನ.

ಫಲವನ್ನು ಅಳೆಯುವುದು

ಸಭೆ ಮುಗಿದ ಮೇಲೆ ಅದೇ ಐದು ಪ್ರಶ್ನೆಗಳ ಹಾಳೆಯನ್ನು ಮತ್ತೊಮ್ಮೆ ಹಂಚಿ. ಎರಡು ತಿಂಗಳ ನಂತರ, ಮುನ್ಸೂಚನೆ ಕೊಡದೆ, ಮೂರನೆಯ ಸಲ ಹಂಚಿ. ಮೊದಲೆರಡರ ವ್ಯತ್ಯಾಸ ನಿಮ್ಮ ಭಾಷಣ ಅರ್ಥವಾಯಿತೇ ಎಂದು ತಿಳಿಸಿದರೆ, ಉಳಿದದ್ದು ಎಷ್ಟು ಎನ್ನುವುದು ಮೂರನೆಯದರಲ್ಲಿ ಕಾಣುತ್ತದೆ. ಕೊನೆಯ ಹಾಳೆಗೆ ಒಂದು ಪ್ರಶ್ನೆ ಸೇರಿಸಿ: ಈ ಎರಡು ತಿಂಗಳಲ್ಲಿ ಯಾರದಾದರೂ ಪೊಟ್ಟಣ ಇಟ್ಟುಕೊಳ್ಳಲು, ಕೋಣೆ ಕೊಡಲು ಅಥವಾ ದುಡ್ಡು ಕಳುಹಿಸಲು ನೀವು ಒಲ್ಲೆ ಎಂದದ್ದುಂಟೇ? ಕಾನೂನಿನ ಅರಿವು ತಡೆಯಾಗಿ ಕೆಲಸ ಮಾಡಿತೇ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮ್ಮಂಥ ಸಾಮಾನ್ಯ ಸಂಘಟಕರಿಗೆ ಸಿಗುವುದಿಲ್ಲ.

ವಂದನಾರ್ಪಣೆ ಆದ ತಕ್ಷಣ ಹೊರಡಬೇಡಿ. ಅತಿಥಿಗಳನ್ನು ಕಳುಹಿಸಿಕೊಟ್ಟು, ಮೈಕು ಆರಿಸಿ, ಸಭಾಂಗಣದಲ್ಲೇ ಅರ್ಧ ಗಂಟೆ ಕುಳಿತಿರಿ. ಕುರ್ಚಿ ಜೋಡಿಸುವ ನೆಪದಲ್ಲಿ ಒಬ್ಬರಾದರೂ ಉಳಿದಿರುತ್ತಾರೆ. ಅವರ ಹೆಸರು ಕೇಳಬೇಡಿ. ಆಸ್ಪತ್ರೆಯ ವಿವರ ಬರೆದ ಚೀಟಿಯೊಂದನ್ನು ಜೇಬಿನಲ್ಲಿ ಸಿದ್ಧವಾಗಿ ಇಟ್ಟುಕೊಂಡಿದ್ದು, ಅವರ ಮಾತು ಮುಗಿದ ಮೇಲೆ ಕೈಗೆ ಕೊಡಿ.